ಕಡಲಿನ ಇಳಿಜಾರು ಅಳೆದವರಿಗೆ

ತೇಲುಕೇರಿ, ಹೊನ್ನಾವರದ ಎದುರು
ಕ್ರಿ.ಶ. 2268, ತಿರುವು ತಿಂಗಳು ಹುಟ್ಟಿದೆಯೋ ಇಲ್ಲವೋ ತಿಳಿಯದ ದಿನ

‘ಕಡಲಿಗೆ ಮೇಲೆಂಬುದಿಲ್ಲ, ಕೆಳಗೆಂಬುದಿಲ್ಲ’ – ಹೀಗೇನೋ ಒಂದು ಸಾಲು. ಎಲ್ಲಿ ಓದಿದ್ದು, ಮುಂದೇನಿತ್ತು, ನೆನಪಾಗುತ್ತಿಲ್ಲ. ಕೇಳಲು ಚೆನ್ನಾಗಿದೆ, ಆದರೆ ನಿಜವೇ? ನಿಮ್ಮ ಕಾಲದವರು ಉಪಗ್ರಹದಿಂದ ಕಡಲಿನ ಎತ್ತರ ಅಳೆದಾಗ ಅಲ್ಲಿ ದಿಬ್ಬಗಳೂ ತಗ್ಗುಗಳೂ ಕಂಡವಲ್ಲ! ಇನ್ನೂರು ವರ್ಷಗಳಿಗೂ ಹಿಂದಿನ ನಿಮಗೆ ಬರೆಯುತ್ತಿದ್ದೇನೆ. ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ. ಕೆಲವು ಪದಗಳು ನಿಮ್ಮ ನಂತರ ಹುಟ್ಟಿದವು.

ತೇಲುಕೇರಿ ಎಂದರೆ ನೀರಿನ ಮೇಲೆಯೇ ಕಟ್ಟಿಕೊಂಡ ಮನೆಗಳ ಸಾಲು. ಛಾವಣಿಗಳ ಮೇಲೆ ಕಡಲಸೊಪ್ಪು ಒಣಗುತ್ತಿರುತ್ತದೆ. ಹಲಗೆದಾರಿಯಲ್ಲಿ ಮಕ್ಕಳು ಶಾಲೆಗೆ ಓಡಿದರೆ ನನ್ನ ಅಕ್ಷರಗಳೂ ಅಲುಗುತ್ತವೆ. ಇಲ್ಲಿ ತೀರದ ಪ್ರವಾಹ ಮಳೆಗಾಲದಲ್ಲಿ ದಕ್ಷಿಣಕ್ಕೆ, ಚಳಿಗಾಲದಲ್ಲಿ ಉತ್ತರಕ್ಕೆ. ಅದು ತಿರುಗುವ ದಿನಗಳೇ ನಮ್ಮ ಹದಿಮೂರನೆಯ ತಿಂಗಳು, ತಿರುವು. ಪಂಚಾಂಗದಲ್ಲಿ ಅದಕ್ಕೆ ತಾರೀಖಿಲ್ಲ. ಬಂತೆಂದು ಶಂಖ ಊದುವುದು ನೀರೆಣಿಕೆಯವರ ಕೆಲಸ, ಎಂದರೆ ನನ್ನದು. ಆಮೇಲೆಯೇ ಊಟಕ್ಕೆಂದು ಸಾಕುವ ಪಚ್ಚಿಲೆ ಚಿಪ್ಪಿನ ಮರಿಗಳನ್ನು ಕಟ್ಟಿದ ಹಗ್ಗಗಳನ್ನು ಕಡಲಿಗಿಳಿಸುತ್ತಾರೆ. ಬೇಗ ಇಳಿಸಿದರೆ, ಅಡಿಯಲ್ಲಿ ಇನ್ನೂ ಸಾಗುತ್ತಿರುವ ಮಳೆಗಾಲದ, ಪ್ರಾಣವಾಯು ಕಡಿಮೆಯಿರುವ ತಣ್ಣೀರಿನಲ್ಲಿ ಮರಿಗಳು ಉಸಿರು ಕಟ್ಟಿ ಸಾಯುತ್ತವೆ. ತಡವಾದರೆ ಮನೆಯಲ್ಲಿ ಅವನ್ನು ಇಟ್ಟ ತೊಟ್ಟಿಯಲ್ಲೇ ಸಾಯುತ್ತವೆ.

ನನಗೆ ಇಂದಿಗೂ ಬೆರಗು ಹುಟ್ಟಿಸುವುದು ಇದು: ಭೂಮಿ ತಿರುಗುತ್ತಿರುವುದರಿಂದ ದೊಡ್ಡ ಪ್ರವಾಹ ಇಳಿಜಾರಿನಲ್ಲಿ ಕೆಳಕ್ಕೆ ಹರಿಯುವುದಿಲ್ಲ, ದಿಬ್ಬದ ಮಗ್ಗುಲು ಹಿಡಿದು ಅಡ್ಡಕ್ಕೆ ಹರಿಯುತ್ತದೆ. ತೀರದ ನೀರು ಹೊರಗಡಲಿಗಿಂತ ಗೇಣಷ್ಟು ಎತ್ತರವಾದರೆ ಪ್ರವಾಹ ಉತ್ತರಕ್ಕೆ ತಿರುಗಿದೆ ಎಂದು ತಿಳಿಯಬಹುದು. ಆದರೆ ಉಪಗ್ರಹಕ್ಕೆ ಕಾಣುವುದು ಕಡಲಿನ ಮುಖ ಮಾತ್ರ. ತಳದವರೆಗೆ ಒಟ್ಟು ಎಷ್ಟು ನೀರು ಯಾವ ಕಡೆ ಸಾಗುತ್ತಿದೆ? ಅದಕ್ಕೆ ನಿಮ್ಮ ಅಳತೆಗಳೇ ಬೇಕು. ಮೇಲಿನಿಂದ ಎತ್ತರ ಅಳೆಯುತ್ತಿದ್ದಾಗಲೇ ನೀವು ಕಡಲೊಳಗೆ ವೇಗಮಾಪಕಗಳನ್ನೂ ಇಳಿಬಿಟ್ಟಿದ್ದಿರಿ. ಇಷ್ಟು ಇಳಿಜಾರಿಗೆ ಇಷ್ಟು ನೀರು ಎಂಬ ಲೆಕ್ಕ ಅಲ್ಲಿಂದ ಸಿಗುತ್ತದೆ. ನಮ್ಮಲ್ಲಿ ಉಪಗ್ರಹಗಳಿವೆ, ಆಳದ ಮಾಪಕಗಳು ಉಳಿದಿಲ್ಲ.

ತೊಂದರೆ ಏನೆಂದರೆ, ತೀರಕ್ಕೆ ಹತ್ತಿರವಾದಂತೆ ನಿಮ್ಮ ಅಳತೆಗಳು ಖಾಲಿ. ಉಪಗ್ರಹಕ್ಕೆ ಮರಳುವ ಸಂಕೇತದಲ್ಲಿ ನೆಲದ ಪ್ರತಿಧ್ವನಿ ಬೆರೆತಿದೆಯೆಂದು ಅವನ್ನು ತೆಗೆದುಹಾಕಿದಿರಿ. ನಾವು ಬದುಕುವುದು ಸರಿಯಾಗಿ ಆ ಖಾಲಿ ಜಾಗದಲ್ಲಿ. ಆದ್ದರಿಂದ ಒಂದು ಕೋರಿಕೆ: ನಂಬಲಾಗದ್ದನ್ನೂ ಎಸೆಯಬೇಡಿ. ‘ನಂಬಬೇಡಿ’ ಎಂದು ಪಕ್ಕದಲ್ಲಿ ಬರೆದು ಇಟ್ಟುಬಿಡಿ. ಅದನ್ನು ಓದುವ ಬಗೆ ಮುಂದೆ ಯಾರಿಗಾದರೂ ಹೊಳೆದೀತು.

ಇವತ್ತು ಬೆಳಿಗ್ಗೆ ಕಡಲಿನ ಮುಖ ತಿರುಗಿದೆ. ತಳ ತಿರುಗಿದೆಯೋ, ಹೇಳಲಾರೆ. ಪಕ್ಕದ ಮನೆಯ ಗಣಪಿ ಈ ವರ್ಷದ ಬದುಕನ್ನೆಲ್ಲ ತೊಟ್ಟಿಯಲ್ಲಿಟ್ಟುಕೊಂಡು ಕಾಯುತ್ತಿದ್ದಾಳೆ. ಈಗಷ್ಟೇ ಬಾಗಿಲಿಗೆ ಬಂದಿದ್ದಳು.

“ಎಂತಾ ಅಕ್ಕೋರೆ, ತಿರುಗ್ತೋ ಇಲ್ವೋ? ಮರಿ ಎಲ್ಲ ಬಾಯಿ ಬಿಡ್ತಾ ಇವೆ.”

ಮೇಲೆ ತಿರುಗಿದೆ, ಕೆಳಗೆ ಗೊತ್ತಿಲ್ಲ, ಎಂದೆ. ನೀರೆಣಿಕೆಯವರು ಹೀಗೆ ಹೇಳುವ ರೂಢಿ ಇಲ್ಲಿಲ್ಲ. ಶಂಖ ಊದಬೇಕು, ಇಲ್ಲವೇ ಸುಮ್ಮನಿರಬೇಕು. ಅವಳು ಬಾಗಿಲಿಗೆ ಒರಗಿದಳು.

“ಗೊತ್ತಿಲ್ಲ ಅಂದೋರು ನೀವೇ ಮೊದ್ಲು,” ಎಂದಳು. “ಹಂಗಾರೆ ಅರ್ಧ ಹಗ್ಗ ಇವತ್ತು ಇಳಿಸ್ತೆ, ಅರ್ಧ ತಡೀತೆ. ಬದ್ಕಿದ್ರೆ ಮೊದಲ್ನೇ ಸಾರು ನಿಮ್ಮನೆಗೆ. ಸತ್ರೆ ಬೈಯೂಕೆ ನಾನೇ ಬತ್ತೆ, ಚಾ ಇಟ್ಟಿರಿ.”