ಅರಿಷಿಣ ಹಚ್ಚಿಸಿಕೊಂಡ ಬಾವಿ

ಕುರಕುಂಭ,
೨೮ ಮಾರ್ಚ್ ೨೦೦೧

ಪುಣೆಯ ಧನಕವಡಿಯಲ್ಲಿ ಅಣ್ಣನ ಮನೆ ಸೇರಿ ಮುನಿಸಿಕೊಂಡು ಕುಳಿತಿರುವ ನಮ್ಮ ಯಜಮಾನರಾದ ದೇವಾನಂದ ಅವರಿಗೆ, ಕುರಕುಂಭದಲ್ಲಿ ಕನ್ನಡದವರೇ ತುಂಬಿದ ಕಾನಡಿ ಗಲ್ಲಿಯಿಂದ ನಿಮ್ಮ ಜಗಳಗಂಟಿ ಹೆಂಡತಿ ಭುವನೇಶ್ವರಿಯ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ಅವ್ವನ ಮೊಣಕಾಲು ನೋಯುತ್ತಿದೆ, ನಾಲಿಗೆ ಮಾತ್ರ ಗಟ್ಟಿಮುಟ್ಟಾಗಿದೆ. ಯುಗಾದಿಗೆ ನೀವು ಬರುತ್ತೀರೆಂದು ಅತ್ತೆಯವರು ನಿಮ್ಮ ಪಾಲಿನ ಬೇವಿನ ಪಾನಕವನ್ನು ತಂಬಿಗೆಯಲ್ಲಿ ತೆಗೆದಿಟ್ಟಿದ್ದರು. ಸಂಜೆಯಾದರೂ ನೀವು ಬರಲಿಲ್ಲ, ಅದನ್ನೂ ನಾನೇ ಕುಡಿದೆ. ಗಂಡನ ಪಾಲಿನ ಕಹಿಯನ್ನೂ ಕುಡಿದ ಪತಿವ್ರತೆ ಎಂದು ನೀವು ನನ್ನನ್ನು ಊರಲ್ಲೆಲ್ಲ ಹೊಗಳಿಕೊಳ್ಳಬಹುದು.

ಮೊನ್ನೆ ನಿಮ್ಮಣ್ಣ ಅಂಬಾರಾಯ ಭಾವನವರು ದೌಂಡಿಗೆ ಬಂದವರು ಇಲ್ಲಿಗೂ ಬಂದಿದ್ದರು. ಬರುವ ಸೋಮವಾರ ನಮ್ಮ ಬಾವಿಯ ನೀರನ್ನು ಪರೀಕ್ಷೆಗೆ ತೆಗೆಯುವಾಗ ನಿಮ್ಮ ಕೆಮಿಕಲ್ ಕಂಪನಿಯ ಪರವಾಗಿ ನಿಂತು ಸಹಿ ಮಾಡಬೇಕು ಎಂದು ಆಫೀಸಿನಲ್ಲಿ ನಿಮ್ಮನ್ನೇ ಕೇಳಿದ್ದಾರಂತೆ. ನೀವು ಹೂಂ ಅನ್ನದೆ, ಉಹೂಂ ಅನ್ನದೆ ಅಡಿಕೆ ಕತ್ತರಿಸುತ್ತ ಕುಳಿತಿದ್ದೀರಂತೆ. ಅದಕ್ಕೇ ಈ ಪತ್ರ. ಸೋಮವಾರ ಬರುತ್ತೀರೋ ಇಲ್ಲವೋ? ಬಂದರೆ ಬಾವಿಯಿಂದ ಮನೆಗೆ ನಾಲ್ಕು ಹೆಜ್ಜೆ, ಬಂದೇ ಬರುತ್ತೀರಿ. ಬಾರದಿದ್ದರೆ ಇನ್ನು ಈ ಹೊಸ್ತಿಲು ನಿಮಗೆ ಬೇಡವಾಯಿತೆಂದು ನಾನು ತಿಳಿದುಕೊಳ್ಳಬೇಕಾಗುತ್ತದೆ. ಹಾಗೆ ತಿಳಿದುಕೊಳ್ಳಲು ನನಗೆ ಮನಸ್ಸಿಲ್ಲ.

ಸಂಕ್ರಮಣದ ಮರುದಿನದ ಜಗಳವನ್ನು ನಾನು ಮತ್ತೆ ತೆಗೆಯುವುದಿಲ್ಲ ಎಂದುಕೊಂಡಿದ್ದೆ. ಆದರೆ ಸ್ವಲ್ಪ ತೆಗೆಯುತ್ತೇನೆ. ಬಾವಿಯ ನೀರು ಸಾಬೂನಿನಂತೆ ಜಾರಲು ಶುರುವಾದಾಗ, ಬಟ್ಟೆಗೆ ಸೋಡಾ ಉಳಿಯಿತೆಂದು ಗಲ್ಲಿಯ ಹೆಂಗಸರೆಲ್ಲ ಖುಷಿಪಟ್ಟವರೇ. ಆಮೇಲೆ ಕೈಯ ಚರ್ಮ ಸುಲಿಯತೊಡಗಿತು, ನೀರು ಗಬ್ಬು ನಾರತೊಡಗಿತು. ಮಾಲಿನ್ಯ ಮಂಡಳಿಗೆ ನಾನು ಅರ್ಜಿ ಬರೆದೆ. ನೀವು ಕಂಪನಿ ಕೊಟ್ಟ ಕಾಗದ ಹಿಡಿದು ಬಂದಿರಿ. ದಿನಬಿಟ್ಟು ದಿನ ಟ್ಯಾಂಕರ್ ಬರುತ್ತದೆ, ಬದಲಿಗೆ ಬಾವಿಯ ಬಗ್ಗೆ ನಮ್ಮದೇನೂ ತಕರಾರಿಲ್ಲ ಎಂದು ಎಲ್ಲರೂ ಸಹಿ ಮಾಡಬೇಕು. ಟ್ಯಾಂಕರ್ ಅವರ ಮರ್ಜಿ, ಬೇಡವೆನಿಸಿದ ದಿನ ನಿಲ್ಲಿಸುತ್ತಾರೆ, ನೆಲದೊಳಗಿನ ನೀರು ಮಾತ್ರ ಎಲ್ಲರದು ಎಂದು ನಾನಂದೆ. ನೌಕರಿ ಹೋದರೆ ಬಾವಿಯ ನೀರು ಕುಡಿದು ಬದುಕುತ್ತೀಯೇನು ಎಂದು ನೀವು ಕೇಳಿದಿರಿ. ಆ ನೀರು ಕುಡಿದರೆ ಬದುಕುವುದಿಲ್ಲ ಎಂಬುದೇ ಅಲ್ಲವೇ ನನ್ನ ತಕರಾರು ಎಂದೆ. ನಿಮಗೆ ಉತ್ತರ ಸಿಗಲಿಲ್ಲ. ಟ್ರಂಕು ಸಿಕ್ಕಿತು. ಪುಣೆಯ ಆಫೀಸಿಗೆ ಬದಲಿ ಕೇಳಿ ಹೊರಟೇಬಿಟ್ಟಿರಿ.

ನೀವಿಲ್ಲದಾಗ ನಡೆದದ್ದನ್ನು ಭಾವನವರು ಅರ್ಧಂಬರ್ಧ ಹೇಳಿರುತ್ತಾರೆ. ಪೂರ್ತಿ ನನ್ನಿಂದ ಕೇಳಿ.

ಶಿವರಾತ್ರಿ ಮುಗಿದ ಮೇಲಿನ ಮಂಗಳವಾರ. ಅರ್ಜಿ ಕೊಟ್ಟಾಗಿನಿಂದ ಮಂಡಳಿಯವರು ಬಂದಾಗಲೆಲ್ಲ ಕಂಪನಿಗೆ ಮೊದಲೇ ಸುದ್ದಿ ಮುಟ್ಟುತ್ತಿತ್ತು. ಅವರು ಬಂದ ದಿನ ಕಂಪನಿಯ ಚರಂಡಿ ಒಣಗಿ, ಎಲ್ಲ ಚೊಕ್ಕಟವಾಗಿರುತ್ತಿತ್ತು. ಆ ಮಂಗಳವಾರ ಮಾತ್ರ ಅಧಿಕಾರಿ ಮಾರ್ತಾಂಡ ಸಾಹೇಬರು ಯಾರಿಗೂ ಹೇಳದೆ ಕೇಳದೆ ಬಂದಿಳಿದಿದ್ದರು. ಅದು ಬಾವಿಯೊಳಗಿನ ದೇವಿ ಗಂಗವ್ವನ ಪವಾಡ ಎಂದು ಅತ್ತೆಯವರು ಇವತ್ತಿಗೂ ಹೇಳುತ್ತಾರೆ. ನೀರು ತೆಗೆಯುವಾಗ ಕಂಪನಿಯವರೊಬ್ಬರು ಎದುರಿಗಿರಬೇಕೆಂಬುದು ಕಾಯ್ದೆ, ಹಾಗಾಗಿ ಸಾಹೇಬರು ಮೊದಲು ಕಂಪನಿಗೆ ಹೋದರು. ಅಲ್ಲಿಯವರು ಚಹಾ ಎಂದು, ನಾಷ್ಟಾ ಎಂದು ಕೂರಿಸಿಕೊಂಡರು. ಸಾಹೇಬರು ಬಾವಿ ನೋಡಲು ಬರುತ್ತಾರೆ ಎಂಬ ಸುದ್ದಿ ಅಷ್ಟರಲ್ಲಿ ಗಲ್ಲಿಗೆ ಮುಟ್ಟಿತು. ನಾನು ಬಾಲವಾಡಿಯಲ್ಲಿ ಮಕ್ಕಳಿಗೆ ಪದ್ಯ ಹೇಳಿಕೊಡುತ್ತಿದ್ದೆ. ಮಕ್ಕಳನ್ನು ಕಳಿಸಿ ಓಡಿ ಬರುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು.

ಬಾವಿಯ ಕಟ್ಟೆಯನ್ನು ತೊಳೆದು ಸುತ್ತಲೂ ಅರಿಷಿಣ ಬಳಿದಿದ್ದರು. ಐದು ಕಲ್ಲು ಇಟ್ಟು ಅವಕ್ಕೆ ಹಸಿರು ಬಳೆ ಏರಿಸಿ, ಕುಪ್ಪಸದ ಖಣ ಹೊದಿಸಿದ್ದರು. ಕಾಯಿ ಒಡೆದು ಅದರ ನೀರನ್ನು ಬಾವಿಗೆ ಬಿಟ್ಟಿದ್ದರು. ಅರಿಷಿಣವನ್ನಂತೂ ಬೊಗಸೆ ಬೊಗಸೆ ಒಳಗೆ ಚೆಲ್ಲಿದ್ದರು. ಹಗ್ಗಕ್ಕೂ ಅರಿಷಿಣ, ಕೊಡಕ್ಕೂ ಅರಿಷಿಣ. ನಮ್ಮ ಗಲ್ಲಿಯ ಬಾಣಂತಿ ಮರೆಮ್ಮ ಕೂಸನ್ನು ಎತ್ತಿಕೊಂಡು ಹೊಸ ಸೀರೆಯಲ್ಲಿ ನಿಂತಿದ್ದಳು. ಇದೆಲ್ಲದರ ನಡುವೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಾಡು ಹೇಳುತ್ತಿದ್ದ ಹಿರಿಯರು ಯಾರೆಂದು ನಿಮಗೆ ಹೇಳಬೇಕಾಗಿಲ್ಲ. ನಿಮ್ಮನ್ನು ಹೆತ್ತ ಯಂಕವ್ವನವರೇ.

ಸಾಹೇಬರು ಬರುವ ತನಕ ಬಾವಿಗೆ ಒಂದು ಹುಲ್ಲುಕಡ್ಡಿಯೂ ಬೀಳಬಾರದು ಎಂದು ನಾನು ಗಲ್ಲಿಯವರಿಗೆಲ್ಲ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಿದ್ದೆ. ಅತ್ತೆಯವರೂ ಆಗಲೆಲ್ಲ ತಲೆಯಾಡಿಸಿದವರೇ. ಏನಿದು ಎಂದು ಕೇಳಿದರೆ ನನ್ನನ್ನೇ ದಬಾಯಿಸಿದರು.

"ಹೆಣ್ಣ ನೋಡ್ಲಾಕ ಬಂದಾಗ ಪೋರಿಗಿ ಮಾಸಿದ ಸೀರಿ ಮ್ಯಾಲ ನಿಂದ್ರಸ್ತಾರೇನು? ಅಷ್ಟ ದೊಡ್ಡ ಸಾಹೇಬ ಗಂಗವ್ವಗ ನೋಡ್ಲಾಕ ಬರ್ಲಾಕತ್ತಾನ. ಹಡದ ಮ್ಯಾಲ ಮಾಡಾ ಮರೆಮ್ಮನ ಗಂಗಿ ಪೂಜಾನೂ ಉಳದಿತ್ತು. ಎರಡೂ ಒಮ್ಮೆ ಆಯ್ತು."

ಅಷ್ಟರಲ್ಲಿ ಸಾಹೇಬರೂ ಬಂದರು. ಜೊತೆಯಲ್ಲಿ ನಿಮ್ಮ ಜಾಗಕ್ಕೆ ಬಂದ ರೋಹಿತ, ಗರಿಗರಿ ಬಿಳಿ ಅಂಗಿ, ಬಗಲಲ್ಲಿ ಕಂಪನಿಯ ಕುಡಿಯುವ ನೀರಿನ ಬಾಟಲಿ. ಬಾವಿಯನ್ನು ಕಂಡದ್ದೇ ತಡ, ರೋಹಿತನ ಮುಖ ಅರಳಿತು. ಈ ನೀರಿನಲ್ಲಿ ಅರಿಷಿಣ, ಕಾಯಿನೀರು, ಇನ್ನೇನೇನು ಇದೆಯೋ, ಇದನ್ನು ಪರೀಕ್ಷೆಗೆ ಕಳಿಸಿದರೆ ಆ ದೋಷವೆಲ್ಲ ಕಂಪನಿಯ ತಲೆಗೆ ಬರುತ್ತದೆ, ಆಗುವುದಿಲ್ಲ ಎಂದು ಮರಾಠಿಯಲ್ಲಿ ಪಟಪಟ ಹೇಳಿದ. ಅಲ್ಲದೆ ಬಾವಿ ಈ ಜನರದಲ್ಲ, ಹೊಲದ ಮಾಲೀಕರದು, ಇವರಿಗೆ ಕೇಳುವ ಹಕ್ಕೇನಿದೆ ಎಂದೂ ಸೇರಿಸಿದ. ಸೇದುವ ನೀರು ಕೆಟ್ಟರೆ ಸೇದುವವರು ಕೇಳಬಹುದು, ಅದಕ್ಕೆ ಹೊಲದ ಉತಾರೆ ಕಾಗದ ಬೇಕಿಲ್ಲ ಎಂದು ಸಾಹೇಬರು ಎರಡನೆಯದಕ್ಕೆ ಉತ್ತರ ಕೊಟ್ಟರು. ಮೊದಲನೆಯದನ್ನು ಒಪ್ಪಿಕೊಂಡರು. ತಂದ ಬಾಟಲಿಗಳನ್ನು ಪೆಟ್ಟಿಗೆಗೆ ಹಿಂತಿರುಗಿಸತೊಡಗಿದರು.

ಆಗ ನನಗೆ ಅಳು ಬಂತು ನೋಡಿ. ಗಂಡನನ್ನು ಕಳೆದುಕೊಂಡದ್ದು ಈ ಬಾವಿಗಾಗಿ, ಈಗ ಬಾವಿಯೂ ಹೋಯಿತು ಅನಿಸಿತು. ಮಂದಿಯ ಮುಂದೆಯೇ ಅತ್ತೆಯವರಿಗೆ ಬಾಯಿಗೆ ಬಂದಂತೆ ಅಂದೆ. ಅವರು ಮುಖ ದಪ್ಪ ಮಾಡಿಕೊಂಡು ಒಂದು ಕೊಡ ನೀರು ಸೇದಿ, ಅರಿಷಿಣ ಮೆತ್ತಿದ ಕೈ ತೊಳೆದುಕೊಂಡರು.

ಕೈ ಕೆಂಪಗಾಯಿತು. ರಕ್ತದಂತೆ ಕೆಂಪು.

ಅವರು ಮತ್ತೆ ತೊಳೆದರು, ಇನ್ನೂ ಕೆಂಪಾಯಿತು. ಮೊದಲು ನಕ್ಕವಳು ಮರೆಮ್ಮ. ಅವ್ವಾ, ಇದು ಆರತಿ ನೀರಾಯಿತಲ್ಲ ಎಂದಳು. ಆಗ ಎಲ್ಲರಿಗೂ ಹೊಳೆಯಿತು. ಕೂಸಿಗೆ, ಮದುಮಗಳಿಗೆ ಎತ್ತುವ ಆರತಿಯ ನೀರನ್ನು ನಾವು ಕೆಂಪು ಮಾಡುವುದೇ ಹೀಗೆ, ಅರಿಷಿಣಕ್ಕೆ ಸುಣ್ಣ ಬೆರೆಸಿ. ಇಲ್ಲಿ ಸುಣ್ಣ ಹಾಕಿದವರು ಯಾರು? ಕುಂಕುಮ ಬಿದ್ದಿರುತ್ತದೆ ಎಂದ ರೋಹಿತ. ಕುಂಕುಮ ಏರಿಸುವುದು ಕೊನೆಗೆ, ಅದರ ಪೊಟ್ಟಣವನ್ನು ಇನ್ನೂ ಬಿಚ್ಚಿಯೇ ಇರಲಿಲ್ಲ. ಅತ್ತೆಯವರು ಪೊಟ್ಟಣವನ್ನು ಅವನ ಮೂಗಿನ ಹತ್ತಿರ ಹಿಡಿದು ತೋರಿಸಿದರು. ಅಷ್ಟಕ್ಕೇ ಬಿಡದೆ ಅವನ ಎರಡೂ ಕೈ ಹಿಡಿದುಕೊಂಡರು.

"ಕೈ ಚಾಚು ತಮ್ಮಾ. ನಾಳಿ ಲಗ್ನದಾಗ ಹಚ್ಚಸ್ಕೊಳ್ಳಾದು ಅದನೇ ಅದ, ಇವತ್ತೇ ಹಚ್ಚಸ್ಕೋ."

ಎರಡೂ ಅಂಗೈಗೆ ಅರಿಷಿಣ ತಿಕ್ಕಿ, ಒಂದಕ್ಕೆ ಅವನದೇ ಬಾಟಲಿಯ ನೀರು ಬಿಟ್ಟರು, ಇನ್ನೊಂದಕ್ಕೆ ಬಾವಿಯ ನೀರು. ಒಂದು ಕೈ ಹಳದಿ, ಒಂದು ಕೈ ಕೆಂಪು. ಗರಿಗರಿ ಅಂಗಿಗೆ ತಾಗದಂತೆ ಎರಡೂ ಕೈ ದೂರ ಚಾಚಿಕೊಂಡು ಅವನು ನಿಂತ ಠೀವಿಗೆ ಗಲ್ಲಿಯೇ ಬಿದ್ದು ಬಿದ್ದು ನಕ್ಕಿತು. ಪಾಪ, ಕೊನೆಗೆ ಅವನೂ ನಕ್ಕ. ಕೆಟ್ಟವನಲ್ಲ, ನೌಕರಿ ಮಾಡುವವನು. ಅವನನ್ನು ನೋಡುವಾಗ ನನಗೆ ನಿಮ್ಮ ನೆನಪಾಯಿತು ಎಂದರೆ ಸಿಟ್ಟಾಗಬೇಡಿ.

ಮಾರ್ತಾಂಡ ಸಾಹೇಬರೂ ನಕ್ಕರು, ಆದರೆ ಕಾಯ್ದೆ ಬಿಡಲಿಲ್ಲ. ಅರಿಷಿಣ ಕೆಂಪಾಯಿತೆಂದು ಯಾವ ಕೋರ್ಟೂ ತೀರ್ಪು ಕೊಡುವುದಿಲ್ಲ, ಪೂಜೆಯಾದ ನೀರನ್ನು ನಾನು ಇವತ್ತು ಬಾಟಲಿಗೆ ತುಂಬುವಂತಿಲ್ಲ, ರೋಹಿತ ಹೇಳಿದ್ದೇ ಸರಿ ಎಂದರು. ಹಾಗೆಂದವರು ತಡೆದು, ಆದರೆ ಈ ಸುಣ್ಣದ ಗುಣ ಎಲ್ಲಿಂದ ಹರಿದು ಬಂತೆಂದು ಹುಡುಕಲು ಕಾಯ್ದೆ ಬೇಡ ಅನ್ನುವುದಿಲ್ಲ, ಕಂಪನಿಯ ಚರಂಡಿ ಎಲ್ಲಿದೆ ತೋರಿಸಿ ಎಂದರು. ಚರಂಡಿ ರಿಪೇರಿಗೆಂದು ಮುಚ್ಚಿದೆ ಎಂದ ರೋಹಿತ. ಹೆಂಗಸರು ಅಷ್ಟೊತ್ತಿಗೆ ನಡೆದಾಗಿತ್ತು. ಗೋಡೆಯ ಹಿಂದೆ, ಹೊಲದ ತಗ್ಗಿಗೆ, ಕಂಪನಿಯ ಟಾಕಿ, ತೊಟ್ಟಿಗಳನ್ನು ತೊಳೆದ ನೀರು ಬಿಳಿ ನೊರೆ ಎಬ್ಬಿಸಿಕೊಂಡು ಸೊರಸೊರ ಹರಿಯುತ್ತಿತ್ತು. ಅಲ್ಲಿ ಯಾರೂ ಪೂಜೆ ಮಾಡಿರಲಿಲ್ಲ. ಸಾಹೇಬರು ಅಲ್ಲಿಯೇ ನೀರು ತೆಗೆದು ಎರಡು ಪಾಲು ಮಾಡಿ, ಅರಗು ಮುದ್ರೆ ಒತ್ತಿ, ರೋಹಿತನ ಸಹಿ ತೆಗೆದುಕೊಂಡರು. ಸಹಿಯ ಪಕ್ಕದಲ್ಲಿ ಅವನ ಕೆಂಪು ಹೆಬ್ಬೆರಳು ತಾನಾಗಿಯೇ ಮೂಡಿತು.

ಮುಂದಿನದು ನಿಮ್ಮ ಆಫೀಸಿಗೂ ಗೊತ್ತು. ಪರೀಕ್ಷೆಯಲ್ಲಿ ದೋಷ ಸಿಕ್ಕಿತು, ಹುಕುಂ ಬಂತು. ತೊಳೆದ ನೀರನ್ನು ಶುದ್ಧ ಮಾಡದೆ ಹೊರಗೆ ಬಿಡುವಂತಿಲ್ಲ. ಬಾವಿಯನ್ನು ಕಂಪನಿಯೇ ಖಾಲಿ ಮಾಡಿಸಿ ಶುದ್ಧ ಮಾಡಿಸಬೇಕು, ಅಲ್ಲಿಯ ತನಕ ಟ್ಯಾಂಕರ್ ಕಳಿಸಬೇಕು, ಯಾರ ಸಹಿಯನ್ನೂ ಕೇಳದೆ. ತಿಂಗಳಿಗೊಮ್ಮೆ ಬಾವಿಯ ನೀರು ತೆಗೆಯುವಾಗ ಗಲ್ಲಿಯಿಂದ ಒಬ್ಬರು, ಕಂಪನಿಯಿಂದ ಒಬ್ಬರು ಇರಬೇಕು. ಗಲ್ಲಿಯವರು ನನ್ನ ಹೆಸರು ಕೊಟ್ಟರು. ರೋಹಿತ ಇನ್ನು ಈ ಹೆಂಗಸರ ಮುಂದೆ ಕೈ ಚಾಚುವುದಿಲ್ಲ ಎಂದು ಕಾಲಿಗೆ ಬುದ್ಧಿ ಹೇಳಿದನಂತೆ. ಹಾಗಾಗಿ ಕಂಪನಿಗೆ ಉಳಿದವರು ನೀವು. ಮರಾಠಿಯೂ ಬರುತ್ತದೆ, ಕನ್ನಡವೂ ಬರುತ್ತದೆ, ಎದುರು ಪಾರ್ಟಿಯ ಗುಣಸ್ವಭಾವವಂತೂ ನಿಮ್ಮಷ್ಟು ಬೇರೆ ಯಾರಿಗೂ ಗೊತ್ತಿಲ್ಲ.

ನೀವು ಏಕೆ ಹಿಂಜರಿಯುತ್ತೀರೆಂದು ನನಗೆ ತಿಳಿಯುತ್ತದೆ. ಕಂಪನಿಯ ಕಡೆ ನಿಂತರೆ ಗಲ್ಲಿಯವರು ಏನಂದಾರು, ಗಲ್ಲಿಯ ಕಡೆ ವಾಲಿದರೆ ಕಂಪನಿಯವರು ಏನಂದಾರು, ಎರಡೂ ಕಡೆಯಿಂದ ಉಳಿದರೂ ಹೆಂಡತಿ ಏನಂದಾಳು. ನೀವು ಯಾರ ಕಡೆಯೂ ವಾಲಬೇಕಿಲ್ಲ. ಕೊಡ ಮೇಲೆ ಬಂದಾಗ ಅದರಲ್ಲಿ ಏನಿದೆಯೋ ಅದಕ್ಕೆ ಸಹಿ ಮಾಡಿ, ಅಷ್ಟೇ. ಒಳ್ಳೆಯ ನೀರು ಬಂದ ದಿನ ಒಳ್ಳೆಯದೆಂದು ನಾನೂ ಸಹಿ ಮಾಡುತ್ತೇನೆ, ನಿಮ್ಮನ್ನು ಸೋಲಿಸಲೆಂದು ಕೆಟ್ಟದ್ದೆನ್ನುವುದಿಲ್ಲ. ಸಂಸಾರ ನಡೆಸುವವನಿಗೆ ನೌಕರಿಯ ಭಯ ಇದ್ದರೆ ಅದು ನಾಚಿಕೆಯ ಮಾತಲ್ಲ.

ಇನ್ನೊಂದನ್ನು ಮುಚ್ಚಿಡುವುದಿಲ್ಲ. ಮನೆ ಬಿಕೋ ಎನ್ನುತ್ತಿದೆ. ಜಗಳವಾಡಲೂ ಒಬ್ಬರು ಬೇಕು, ಅತ್ತೆಯವರ ಜೊತೆ ಆಡಿದರೆ ನಾನೇ ಸೋಲುತ್ತೇನೆ. ಆ ಮಂಗಳವಾರ ಅಂದದ್ದಕ್ಕೆ ಅವರ ಕಾಲಿಗೆ ಬಿದ್ದೆ. ಮಗನನ್ನು ಕರೆಸು, ಆಗ ಮಾಫಿ ಎಂದಿದ್ದಾರೆ. ಸೋಮವಾರಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ ಮಾಡುತ್ತೇನೆ. ಟ್ರಂಕನ್ನೂ ತನ್ನಿ. ಸಹಿ ಮಾಡಿ ಅದೇ ಬಸ್ಸಿಗೆ ಹಿಂದಿರುಗುವ ಯೋಚನೆ ಇದ್ದರೆ, ಬಾವಿಯ ಕಟ್ಟೆಯ ಮೇಲೆ ಅರಿಷಿಣ ಹಿಡಿದು ನಿಮ್ಮ ಅವ್ವ ಕಾದಿರುತ್ತಾರೆ.

ನಿಮ್ಮ ದಾರಿ ಕಾಯುತ್ತಿರುವ ಎದುರು ಪಾರ್ಟಿ,
ಭುವನೇಶ್ವರಿ

ತಾ.ಕ.: ಹೋದ ವಾರ ಹುಕುಮಿನ ಪ್ರತಿ ತರಲು ಪುಣೆಗೆ ಬಂದಿದ್ದೆ. ನಿಮಗೆ ಹೇಳಲಿಲ್ಲ. ಅಷ್ಟು ದಿನ ಬಿಟ್ಟು ಸರಿಯಾಗಿ ಆ ಮಂಗಳವಾರವೇ ಹೇಗೆ ಬಂದಿರಿ ಎಂದು ಮಾರ್ತಾಂಡ ಸಾಹೇಬರನ್ನು ಕೇಳಿದೆ. ಟಾಕಿ ತೊಳೆಯುವ ದಿನ ಇದೇ, ಮೊದಲೇ ತಿಳಿಸದೆ ಹೋಗಿ ಎಂದು ಯಾರೋ ಫೋನ್ ಮಾಡಿದ್ದರಂತೆ. ಹೆಸರು ಹೇಳಲಿಲ್ಲವಂತೆ. ಮರಾಠಿಯೇ ಮಾತಾಡಿದರಂತೆ, ನಡುನಡುವೆ ಮಾತ್ರ "ಹೌದ್ರಿ, ಹೌದ್ರಿ" ಅನ್ನುತ್ತಿದ್ದರಂತೆ. ಕೊನೆಗೆ, ಅರ್ಜಿ ಬರೆದ ಹೆಣ್ಣುಮಗಳು ಭಾಳ ಸಿಟ್ಟಿನವಳು, ಆದರೆ ಸುಳ್ಳು ಹೇಳುವವಳಲ್ಲ, ಆಕೆಯ ಮಾತು ನಂಬಿ ಎಂದು ಹೇಳಿ ಫೋನ್ ಇಟ್ಟರಂತೆ. ಇದನ್ನು ನಾನು ಯಾರಿಗೂ ಹೇಳಿಲ್ಲ, ಅತ್ತೆಯವರಿಗೂ ಹೇಳುವುದಿಲ್ಲ. ಆದರೆ ಮದುವೆಯಾದಾಗಿನಿಂದ ನೀವು ನನ್ನನ್ನು ಹೊಗಳಿದ್ದು ಇದೇ ಮೊದಲು, ಅದೂ ಮರಾಠಿಯಲ್ಲಿ, ಅದೂ ಬೇರೆಯವರ ಹತ್ತಿರ. ಸೋಮವಾರ ಬಂದು ಅದನ್ನೇ ಒಮ್ಮೆ ಕನ್ನಡದಲ್ಲಿ ನನಗೆ ಹೇಳಿ.