ಟ್ರಕ್ಕಿನ ಬ್ಲಾಕು

ಮಾರ್ಚ್ ೧೪

ಪ್ರೀತಿಯ ತಮ್ಮನಿಗೆ,

ಅಕ್ಕನ ಆಶೀರ್ವಾದ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಉತ್ತರ ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಸಿಟ್ಟು ಇಳಿದ ಮೇಲೆ ಬರೆಯೋಣ ಎಂದು ಕಾದೆ. ಅದು ಇಳಿಯುವ ಲಕ್ಷಣ ಕಾಣಲಿಲ್ಲ, ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ಅಕ್ಕಾ ಅಕ್ಕಾ ಎಂದು ಬೆಣ್ಣೆ ಹಚ್ಚುತ್ತೀಯ, ನಾನು ಕರಗಿಹೋಗುತ್ತೇನೆ. ಈ ಸಲ ಪೂರ್ತಿ ಕೇಳಿಸಿಕೋ.

ನೀನು ಕಳಿಸಿದ ಪೆಟ್ಟಿಗೆ ಹೋದ ತಿಂಗಳ ಕೊನೆಗೆ ಬಂತು. ನಾನು ವರ್ಕ್‌ಶಾಪಿನಲ್ಲಿದ್ದೆ, ಮನೆಯಲ್ಲಿ ನಿನ್ನ ಭಾವ ಒಬ್ಬರೇ. ಅಷ್ಟು ದೊಡ್ಡ ಪೆಟ್ಟಿಗೆ ನೋಡಿ, ಮೈದುನ ವಾಷಿಂಗ್ ಮೆಷಿನ್ ಕಳಿಸಿದ್ದಾನೆ ಎಂದು ಹಿಗ್ಗಿ ಸಹಿ ಹಾಕಿ ಇಳಿಸಿಕೊಂಡರು. ನಾನು ಬಂದು ಮುಚ್ಚಳ ತೆಗೆದರೆ ಒಳಗೆ ಹೊಚ್ಚಹೊಸ ಅಲ್ಯೂಮಿನಿಯಂ ಎಂಜಿನ್ ಬ್ಲಾಕು, ಅದರ ಮೇಲೆ ನಿನ್ನ ಚೀಟಿ. ಇದನ್ನೇ ಕಟ್ಟೋಣ, ತೂಕ ಅರ್ಧಕ್ಕರ್ಧ ಕಡಿಮೆ, ಆ ಕಬ್ಬಿಣದ್ದು ಬೇಡ ಎಂದು ಎರಡು ಸಾಲು. ನನಗೆ ಪಿತ್ತ ನೆತ್ತಿಗೇರಿತು. ಭಾವನವರು ಟೀ ಮಾಡಲು ಒಳಗೆ ಹೋದರು.

ಬ್ಲಾಕು ಆರಿಸುವ ಕೆಲಸ ನನ್ನ ತಲೆಗೆ ಕಟ್ಟಿದವನು ಯಾರು? ಕಳೆದ ವರ್ಷದ ಕೊನೆಯ ರೇಸ್ ನೆನಪು ಮಾಡಿಕೋ. ಹಸಿರು ದೀಪ ಬಿತ್ತು, ಕಾಲು ಮೈಲಿಯಲ್ಲಿ ಅರ್ಧವೂ ದಾಟಿರಲಿಲ್ಲ, ಕನೆಕ್ಟಿಂಗ್ ರಾಡು ನಮ್ಮ ಕಾರಿನ ಹಳೆಯ ಬ್ಲಾಕಿನ ಹೊಟ್ಟೆ ಒಡೆದುಕೊಂಡು ಹೊರಗೆ ಬಂತು. ರಸ್ತೆ ತುಂಬ ಎಣ್ಣೆ. ನೀನು ಹೆಲ್ಮೆಟ್ ತೆಗೆದು ತಡೆಗೋಡೆಗೆ ಒರಗಿ ಕೂತೆ. ಆವತ್ತು ನಿನ್ನ ಬಾಯಿಂದ ಬಂದ ಮಾತು ನನಗೆ ಹಾಗೇ ನೆನಪಿದೆ.

"ಈ ಸಲ ಬ್ಲಾಕು ನೀನೇ ನೋಡಕ್ಕಾ. ನೀನು ಯಾವುದು ಅಂತೀಯೋ ಅದನ್ನೇ ಕಟ್ಟೋಣ."

ನಾನು ಆ ಮಾತನ್ನು ನಂಬಿದೆ. ಚಳಿಗಾಲ ಪೂರ್ತಿ ರಜೆ ಸಿಕ್ಕಾಗಲೆಲ್ಲ ಗುಜರಿ ಅಂಗಡಿ ಸುತ್ತಿದೆ. ಒಂದು ಬ್ಲಾಕು ನೋಡಲು ಮದುಮಗನ ಹಾಗಿತ್ತು. ದಪ್ಪ ಅಳೆಯುವ ಮೀಟರು ಇಟ್ಟು ನೋಡಿದರೆ ಹಿಂದೆ ಯಾರೋ ಬೋರ್ ಕೊರೆಸಿ ಕೊರೆಸಿ ಸಿಲಿಂಡರಿನ ಗೋಡೆಯನ್ನು ರಟ್ಟಿನಷ್ಟು ತೆಳ್ಳಗೆ ಮಾಡಿದ್ದರು. ಇನ್ನೊಂದರಲ್ಲಿ ಕ್ರ್ಯಾಂಕು ಕೂರುವ ಜಾಗದಲ್ಲೇ ಬಿರುಕು. ಕೊನೆಗೆ ಸಿಕ್ಕಿದ್ದು ಒಂದು ಸರಕಿನ ಟ್ರಕ್ಕಿನದು. ನಮ್ಮ ಕಾರಿನದೇ ಎಂಜಿನ್ನು, ಆದರೆ ಭಾರ ಎಳೆಯಲೆಂದು ಗೋಡೆ ದಪ್ಪ ಬಿಟ್ಟು ಎರಕ ಹೊಯ್ದದ್ದು. ಕ್ರ್ಯಾಂಕನ್ನು ಹಿಡಿಯುವ ಕ್ಯಾಪುಗಳಿಗೆ ಎರಡೆರಡರ ಬದಲು ನಾಲ್ಕು ನಾಲ್ಕು ಬೋಲ್ಟು. ಮೇಲೆ ಮಾತ್ರ ತುಕ್ಕು, ಗ್ರೀಸು, ಒಳಗೆ ಇಲಿಗೂಡು. ಗುಜರಿಯವನು ಮೂಗು ಮುರಿದು, ಇದನ್ನು ತಗೊಂಡು ಹೋಗಿ ಏನ್ಮಾಡ್ತೀರಮ್ಮ, ದೋಣಿಗೆ ಲಂಗರು ಮಾಡ್ತೀರಾ ಎಂದು ಕೇಳಿದ. ನಾನು ಮನಸ್ಸಿನಲ್ಲೇ ನಕ್ಕೆ.

ತೊಳೆದು, ಕಾಂತ ಹಿಡಿದು ಕಬ್ಬಿಣದ ಪುಡಿ ಚೆಲ್ಲಿ ಬಿರುಕು ಹುಡುಕಿದೆ. ಒಂದೂ ಇರಲಿಲ್ಲ. ಗಿರಾಕಿಗಳ ಅವಸರದ ಕೆಲಸಗಳನ್ನೆಲ್ಲ ಪಕ್ಕಕ್ಕಿಟ್ಟು ನಾನೇ ಬೋರ್ ಮಾಡಿದೆ. ಬ್ಲಾಕಿನ ಮೇಲೆ ಹೆಡ್ ಬಿಗಿದಾಗ ಸಿಲಿಂಡರು ಕೂದಲೆಳೆಯಷ್ಟು ಸೊಟ್ಟಗಾಗುತ್ತದೆ ಎಂದು ನಿನಗೂ ಗೊತ್ತು. ಅದಕ್ಕೆ ಹೆಡ್ಡಿನ ಜಾಗದಲ್ಲಿ ದಪ್ಪ ಪ್ಲೇಟು ಬಿಗಿದುಕೊಂಡೇ ಒಳಗೋಡೆ ತೀಡಿ ಹೋನಿಂಗ್ ಮುಗಿಸಿದೆ. ಪ್ರತಿ ಸಿಲಿಂಡರಿನ ಪಕ್ಕ ಅದರ ಅಳತೆಯನ್ನು ಸೀಮೆಸುಣ್ಣದಲ್ಲಿ ಬರೆದು ಫೋಟೋ ತೆಗೆದು ನಿನಗೆ ಕಳಿಸಿದೆ. "ಸೂಪರ್" ಎಂದು ಒಂದು ಉತ್ತರ ಬಂತು. ಆಮೇಲೆ ನಿನ್ನಿಂದ ಸದ್ದಿಲ್ಲ. ಆಮೇಲೆ ಈ ಪೆಟ್ಟಿಗೆ.

ತೂಕದ ಮಾತಿಗೆ ಬರುತ್ತೇನೆ. ನಿನ್ನ ಲೆಕ್ಕ ಸುಳ್ಳು ಎನ್ನುತ್ತಿಲ್ಲ. ಮೂತಿಯ ಭಾರ ಅಷ್ಟು ಇಳಿದರೆ ಕಾರು ಹೊರಡುವ ಗೆರೆಯಿಂದ ಬೇಗ ಚಿಮ್ಮುತ್ತದೆ. ಬರೀ ರೇಸಿನ ಕಾರು ಕಟ್ಟುವುದಾಗಿದ್ದರೆ ನಿನ್ನ ಅಲ್ಯೂಮಿನಿಯಮ್ಮನ್ನು ನಾನೇ ತಲೆ ಮೇಲೆ ಹೊತ್ತು ತರುತ್ತಿದ್ದೆ. ಆದರೆ ಈ ಕಾರು ನಿನಗೆ ಬೇಕಾಗುವುದು ರೇಸಿನ ಭಾನುವಾರ ಮಾತ್ರ. ಮಿಕ್ಕ ದಿನ ಅದರಲ್ಲಿ ನಾನು ಕೆಲಸಕ್ಕೆ ಹೋಗಬೇಕು, ಮಗಳನ್ನು ಶಾಲೆಗೆ ಬಿಡಬೇಕು, ಟ್ರಾಫಿಕ್ಕಿನಲ್ಲಿ ಬೇಯಬೇಕು. ಅಲ್ಯೂಮಿನಿಯಂ ಕಾದಂತೆ ಹಿಗ್ಗುತ್ತದೆ, ತಣಿದಂತೆ ಕುಗ್ಗುತ್ತದೆ. ಬೆಳಗಿನ ಚಳಿಯಲ್ಲಿ ಅದನ್ನು ಮಗುವಿನ ಹಾಗೆ ಬೆಚ್ಚಗೆ ಮಾಡಿಕೊಂಡು ಹೊರಡಬೇಕು. ದಪ್ಪ ಗೋಡೆಯ ಕಬ್ಬಿಣ ಹಾಗಲ್ಲ. ದಿನವೂ ಓಡಿಸಿದರೂ ಸಿಲಿಂಡರು ದುಂಡಗೇ ಉಳಿಯುತ್ತದೆ, ಭಾನುವಾರ ನೀನು ಎಷ್ಟು ತುಳಿದರೂ ತಡೆದುಕೊಳ್ಳುತ್ತದೆ. ಇದೆಲ್ಲ ನಿನಗೆ ಗೊತ್ತಿಲ್ಲದ ವಿಷಯವೇ? ಆ ದೊಡ್ಡ ರೇಸ್ ಎಂಜಿನ್ನಿನ ಕಂಪನಿಗೆ ಸೇರಿದಾಗಿನಿಂದ ನಿನ್ನ ಕಿವಿಯಲ್ಲಿ ಯಾರು ಏನು ಊದುತ್ತಿದ್ದಾರೋ ಕಾಣೆ. ಹೋದ ಸಲ ಬಂದಾಗ ನನ್ನ ಬೋರಿಂಗ್ ಮೆಷಿನ್ನಿನ ಮೇಲೆ ಕೈಯಾಡಿಸಿ, ಇದಿನ್ನೂ ಓಡ್ತಾ ಇದೆಯಾ ಎಂದು ಕೇಳಿದೆ. ಆವತ್ತೇ ನನ್ನ ಮೈ ಉರಿದಿತ್ತು, ಊಟದ ಹೊತ್ತಿನಲ್ಲಿ ಜಗಳ ಬೇಡವೆಂದು ನುಂಗಿಕೊಂಡೆ.

ಸಿಟ್ಟಿನ ಮಧ್ಯೆ ಮನೆ ಸುದ್ದಿ ಮರೆತೆ. ಮಗಳು ಸೈಕಲ್ಲಿನಿಂದ ಬಿದ್ದು ಮೊಣಕೈ ತರಚಿಕೊಂಡಿದ್ದಾಳೆ. ಅತ್ತಿಲ್ಲ, ಚೈನು ಸಡಿಲ ಇತ್ತು ಎಂದು ಸೈಕಲ್ಲನ್ನೇ ಬೈದಳು. ಮಾವ ಯಾವಾಗ ಬರ್ತಾರೆ ಎಂದು ದಿನಾ ಕೇಳುತ್ತಾಳೆ. ಭಾವನವರ ಬೆನ್ನುನೋವು ಪರವಾಗಿಲ್ಲ. ಪೆಟ್ಟಿಗೆ ಸರಿಸುವಾಗ ಮತ್ತೆ ಹಿಡಿದುಕೊಂಡಿತು ಎಂದು ಹೇಳುತ್ತಾರೆ. ನನ್ನನ್ನು ರಮಿಸಿ ನಿನ್ನನ್ನು ಬಚಾವು ಮಾಡಲು ಅವರು ಪಡುವ ಪಾಡು ದೇವರಿಗೇ ಪ್ರೀತಿ. ಹುಡುಗ, ಹೊಸ ಕೆಲಸ, ನಾಲ್ಕು ಜನರ ಮುಂದೆ ತೋರಿಸಿಕೊಳ್ಳುವ ಆಸೆ ಇರುತ್ತೆ ಬಿಡು ಎಂದರು. ತೋರಿಸಿಕೊಳ್ಳಲಿ, ಅದಕ್ಕೆ ನಾನು ತಲೆ ತಗ್ಗಿಸಬೇಕೇ ಎಂದು ಕೇಳಿದೆ.

ಈಗ ನನ್ನ ತೀರ್ಮಾನ ಕೇಳು. ನಿನ್ನ ಪೆಟ್ಟಿಗೆಗೆ ಮತ್ತೆ ಮೊಳೆ ಹೊಡೆಸಿ ಶೆಡ್ಡಿನಲ್ಲಿಟ್ಟಿದ್ದೇನೆ. ಬಂದು ತೆಗೆದುಕೊಂಡು ಹೋಗು, ಬೇರೆ ಕಾರು ಕಟ್ಟು, ನನ್ನ ಅಡ್ಡಿಯಿಲ್ಲ. ಟ್ರಕ್ಕಿನ ಬ್ಲಾಕು ಸ್ಟ್ಯಾಂಡಿನ ಮೇಲಿದೆ. ನಿನ್ನೆ ಬೇರಿಂಗು ಹಾಕಿ ಕ್ರ್ಯಾಂಕು ಕೂರಿಸಿದೆ. ಒಂದೇ ಬೆರಳಲ್ಲಿ ತಿರುಗಿತು. ನೀನು ಬಂದರೆ ಇಬ್ಬರೂ ಸೇರಿ ಪಿಸ್ಟನ್ ಹಾಕೋಣ. ಬಾರದಿದ್ದರೆ ನಾನೇ ಹಾಕುತ್ತೇನೆ, ಮೊದಲ ರೇಸಿಗೆ ನಾನೇ ಓಡಿಸುತ್ತೇನೆ. ಹೆದರಿಸಲು ಬರೆದ ಮಾತಲ್ಲ ಇದು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಗ್ರೈಂಡರ್ ಹಿಡಿಯುವಾಗ ಕನ್ನಡಕ ಹಾಕಿಕೋ, ಜಂಭ ಬೇಡ. ಎಷ್ಟು ಬೈದರೂ ನೀನು ಚೆನ್ನಾಗಿರಬೇಕು ಎಂಬುದೇ ನನ್ನ ಹಾರೈಕೆ. ನಿನ್ನ ಕೈ ಮುಟ್ಟಿದ ಎಂಜಿನ್ನೆಲ್ಲ ಗೆಲ್ಲಲಿ.

ಇಂತಿ,
ನಿನ್ನ ಅಕ್ಕ

ಮ.ವಿ.: ಇದನ್ನು ಬರೆಯಬಾರದೆಂದಿದ್ದೆ. ನಿನ್ನ ಗೆಳೆಯ ಲಂಬು ಭಾನುವಾರ ಬಂದಿದ್ದ. ಶೆಡ್ಡಿನಲ್ಲಿ ಪೆಟ್ಟಿಗೆ ನೋಡಿದವನೇ ಮುಖ ಸಣ್ಣಗೆ ಮಾಡಿಕೊಂಡು ಎಲ್ಲ ಹೇಳಿಬಿಟ್ಟ. ಹೋದ ತಿಂಗಳು, ಪೆಟ್ಟಿಗೆ ಬರುವ ಮೊದಲೇ, ನಾನಿಲ್ಲದ ಹೊತ್ತು ನೋಡಿ ಅವನನ್ನು ನನ್ನ ವರ್ಕ್‌ಶಾಪಿಗೆ ಕಳಿಸಿ, ನಾನು ಅಳೆದ ಸಿಲಿಂಡರುಗಳನ್ನು ಮತ್ತೆ ಅಳೆಸಿದೆಯಂತೆ. "ಎಲ್ಲಾ ನಿಮ್ಮ ಅಳತೆನೇ ಬಂತಕ್ಕಾ, ಒಂದು ಎಳೆ ಆಚೀಚೆ ಇಲ್ಲ" ಎಂದ. ಬೋರ್ ಗೇಜ್ ಹಿಡಿಯಲು ನಿನಗೆ ಕಲಿಸಿದವಳು ನಾನು, ಆದರೂ ಅದನ್ನು ಸಹಿಸಿಕೊಂಡೆ. ನನ್ನ ಅಳತೆಯನ್ನು ನಾನೇ ಎರಡು ಸಲ ನೋಡುವವಳು, ನೀನೂ ನೋಡಿಸಿದೆ ಎಂದುಕೊಂಡೆ. ಆಮೇಲೆ ಸುಮ್ಮನಿರಲಾಗದೆ, ಅಳತೆ ಸರಿಯಿದೆ ಅಂದಾಗ ನನ್ನ ತಮ್ಮ ಏನಂದ ಎಂದು ಕೇಳಿದೆ. ಲಂಬು ಹೇಳಿದ: "'ಥೂ, ಎಲ್ಲಾದ್ರೂ ಒಂದು ಕಡೆ ತಪ್ಪಿರುತ್ತೆ ಅಂದ್ಕೊಂಡಿದ್ದೆ' ಅಂದ ಅಕ್ಕಾ." ಪೆಟ್ಟಿಗೆ ವಾಪಸ್ಸು ಹೋದರೆ ಬ್ಲಾಕಿನ ಜಗಳ ಮುಗಿಯುತ್ತದೆ. ನನ್ನ ಕೈ ತಪ್ಪಲಿ ಎಂದು ನೀನು ಯಾವತ್ತಿನಿಂದ ಕಾಯುತ್ತಿದ್ದೆ, ಅದನ್ನು ಬರೆದು ತಿಳಿಸು.