ದಿಂಬು ಬಿದ್ದಾಗಿನ ಮುಖ

ಓಲೆಸುಂಡ್, ೧೪ ನವೆಂಬರ್ ೧೯೮೪

ತಮ್ಮ ಐವಿಂಡ್‌ಗೆ,

‘ಪ್ರೀತಿಯ’ ಎಂದು ಬರೆಯಲು ಕೈ ಬರಲಿಲ್ಲ. ನಿನ್ನ ಕೆಮ್ಮು ಹೇಗಿದೆ? ಬರ್ಗೆನ್ನಿನ ಚಳಿಗೆ ಕುತ್ತಿಗೆಗೆ ಏನಾದರೂ ಸುತ್ತಿಕೊಳ್ಳುತ್ತೀಯೋ ಇಲ್ಲವೋ? ಸರಿ, ಕೇಳಬೇಕಾದ್ದು ಕೇಳಿದ್ದಾಯಿತು. ಇನ್ನು ಬೈಯುತ್ತೇನೆ, ಓದು.

ಆ ಫೋಟೊವನ್ನು ಬರ್ಗೆನ್ನಿನ ನಿನ್ನ ಪ್ರದರ್ಶನದಲ್ಲಿ ತೂಗುಹಾಕಲು ನಿನಗೆ ಯಾರು ಹೇಳಿದರು? ಅಮ್ಮನ ಅರವತ್ತನೇ ಹುಟ್ಟುಹಬ್ಬಕ್ಕೆ ಬಂದವನು ಬಿಳಿ ಬಟ್ಟೆ ಕಟ್ಟಿ, ಎಲ್ಲರನ್ನೂ ಅದರ ಮುಂದೆ ಕೂರಿಸಿ, ಎದುರಿನಿಂದ ದಿಂಬು ಎಸೆದು ಕ್ಲಿಕ್ಕಿಸಿದೆ. “ಪೋಸು ಕೊಟ್ಟ ಮುಖ ಬರೀ ಸುಳ್ಳಕ್ಕಾ, ದಿಂಬು ಬಿದ್ದಾಗ ನೋಡು ನಿಜವಾದ ಮುಖ” ಅಂತ ದೊಡ್ಡ ಮಾತು ಬೇರೆ. ಅಮ್ಮ ಅದನ್ನು ಹಿಡಿದು ನಿನಗೇ ತಿರುಗಿ ಬೀಸಿದಳು. ಫೋಟೊದಲ್ಲಿ ಥೇಟ್ ಪುಂಡು ಹುಡುಗಿ. ಜಿಪುಣ ಚಿಕ್ಕಪ್ಪ ಓಲಾವ್ ಮುಖಕ್ಕೆ ಏಟು ತಿಂದರೂ ಕೈಯಲ್ಲಿದ್ದ ಕೇಕ್ ಬಿಡಲಿಲ್ಲ. ನಕ್ಕು ನಕ್ಕು ನನಗೆ ಹೊಟ್ಟೆ ಹಿಡಿದುಕೊಂಡಿತ್ತು. ಅಲ್ಲಿಗೇ ನಿಲ್ಲಿಸಬಾರದಿತ್ತೆ? ನನ್ನನ್ನೂ ನನ್ನ ಗಂಡ ತೊರ್ಲೇಫನನ್ನೂ ಜೋಡಿಯಾಗಿ ಕೂರಿಸಿದೆ. ದಿಂಬು ಅವನ ಎದೆಗೆ ಬಡಿಯಿತು. ಅವನ ಮುಖ ಗಂಟಿಕ್ಕಿತು, ಇರಲಿ, ಯಾರಿಗಾದರೂ ಸಿಟ್ಟು ಬರುತ್ತದೆ. ಆದರೆ ನಾನು ತಲೆಗೆ ಎರಡೂ ಕೈ ಅಡ್ಡ ಹಿಡಿದಿದ್ದೇನೆ. ದಿಂಬು ಬಂದ ಕಡೆಗಲ್ಲ, ಗಂಡ ಕೂತಿದ್ದ ಕಡೆಗೆ.

ಅವತ್ತು ಯಾರೂ ಗಮನಿಸಿರಲಿಲ್ಲ, ನಾನೂ ಗಮನಿಸಿರಲಿಲ್ಲ. ಈಗ ಬರ್ಗೆನ್ನಿಗೆ ಹೋಗಿಬಂದವರೆಲ್ಲ ಗಮನಿಸಿದ್ದಾರೆ. ಮೀನಂಗಡಿಯ ಬೋರ್ಗಿಲ್ಡ್ ಪೊಟ್ಟಣ ಕಟ್ಟುತ್ತಾ, “ಮನೇಲೆಲ್ಲಾ ಸರಿಯಾಗಿದ್ಯೇನಮ್ಮಾ?” ಅಂದಳು. ಬಾಗಿಲಿಗೆ ಬಡಿದುಕೊಂಡೆ, ಮೆಟ್ಟಿಲಲ್ಲಿ ಜಾರಿದೆ ಎನ್ನುತ್ತಾ ಇಷ್ಟು ವರ್ಷ ಸಂಭಾಳಿಸಿದ್ದೆ. ಒಂದು ದಿಂಬೆಸೆದು ನನ್ನ ಮಾನ ಕಳೆದೆಯಲ್ಲೋ! ತೂಗುಹಾಕುವ ಮೊದಲು ನನ್ನನ್ನೊಂದು ಮಾತು ಕೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಭಾನುವಾರ ಸುದ್ದಿ ತೊರ್ಲೇಫನ ಕಿವಿಗೂ ಬಿತ್ತು. “ಊರಿಗೆಲ್ಲ ನನ್ನ ರಾಕ್ಷಸ ಅಂತ ತೋರಿಸ್ತಾನಾ ನಿನ್ನ ತಮ್ಮ?” ಎಂದು ಕೈ ಎತ್ತಿದ. ನಾನು ಫೋಟೊದಲ್ಲಿದ್ದ ಹಾಗೆಯೇ ಕೂತಿದ್ದೆ. ಅವನಿಗೂ ಹಾಗೇ ಕಂಡಿತೋ ಏನೋ, ಎತ್ತಿದ ಕೈ ಒಂದು ಕ್ಷಣ ನಿಂತಿತು. ಆಮೇಲೆ ಬಿತ್ತು.

ಕ್ಷಮೆ ಕೇಳಿ ಬರೆಯಬೇಡ, ಓದುವುದಿಲ್ಲ. ನಿನ್ನ ಹೆಂಡತಿಯನ್ನು ಕೇಳಿದೆನೆಂದು ಹೇಳು, ಅವಳ ಮೇಲೆ ಸಿಟ್ಟಿಲ್ಲ. ದೇವರು ನಿನಗೆ ಆರೋಗ್ಯ ಕೊಡಲಿ, ಅದಕ್ಕೂ ಮೊದಲು ಬುದ್ಧಿ ಕೊಡಲಿ.

ಇನ್ನೂ ಸಿಟ್ಟಿನಲ್ಲೇ ಇರುವ ಅಕ್ಕ,
ಗುನ್ವೋರ್

ತಾ.ಕ.: ಹಡಗು ಹೊರಡುವ ಹೊತ್ತಾಯಿತು. ಅಮ್ಮನ ಮನೆಗೆ ಹೋಗುತ್ತಿದ್ದೇನೆ, ತಿರುಗಿ ಬರುವುದಿಲ್ಲ. ಗೋಡೆಯಿಂದ ಆ ಫೋಟೊ ಇವತ್ತೇ ಇಳಿಸು. ನೆಗೆಟಿವ್ ಮಾತ್ರ ಎಸೆಯಬೇಡ. ವಕೀಲರು ಒಂದು ಪ್ರತಿ ಕೇಳಿದ್ದಾರೆ.